ಉಸಿರಿನ ಕಾಲಂ

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅಂಗಡಿಯಿಂದ ಒಂದು ಪೆನ್ಸಿಲ್ ತಂದಳು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಅಂಥದ್ದು ಈಗಲೂ ಸಿಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ಚೂಪು ಮಾಡ್ಕೊಡಜ್ಜಿ" ಎಂದು ಕೈಗಿತ್ತಳು. ಬ್ಲೇಡಿನಿಂದ ಹೆರೆಯುವಾಗ ಎದ್ದ ಆ ಮರದ ವಾಸನೆ, ಮೇಣದ ವಾಸನೆ... ನನ್ನ ಕೈ ನಿಂತುಹೋಯಿತು. "ಏನಾಯ್ತಜ್ಜಿ?" ಎಂದಳು. "ಏನಿಲ್ಲ" ಎಂದೆ. ಯಾರು ಏನು ಕೇಳಿದರೂ ಏನಿಲ್ಲ ಎನ್ನುವುದು ನನ್ನ ಹಳೆಯ ಚಾಳಿ. ಆ ಚಾಳಿಯಿಂದ ಏನಾಯಿತು ಎಂದು ನಿಮಗೆ ಎದುರು ಕೂತು ಹೇಳಲು ನನ್ನಿಂದಾಗದು. ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಕ್ಲಾಸಿನವರೆಗೆ ಓದಿದವಳ ಬರವಣಿಗೆ, ತಪ್ಪಿದ್ದಲ್ಲಿ ತಿದ್ದಿಕೊಳ್ಳಿ.

ಅಂಥ ಪೆನ್ಸಿಲ್ ಸಿಸ್ಟರಮ್ಮನ ಜೇಬಿನಲ್ಲಿ ಸದಾ ಇರುತ್ತಿತ್ತು. ಜ್ವರಕ್ಕೆ ನೀಲಿ ಗೆರೆ, ನಾಡಿಗೆ ಕೆಂಪು ಗೆರೆ. ಸಕಲೇಶಪುರದಲ್ಲಿ ಆಗ ಒಂದು ಖಾಸಗಿ ಆಸ್ಪತ್ರೆ ಇತ್ತು. ಮೂವತ್ತು ಹಾಸಿಗೆ. ಅದರಲ್ಲಿ ನಾಲ್ಕು ಹಾಸಿಗೆಯ ಒಂದು ಕೋಣೆಗೆ ಗಾಜಿನ ಬಾಗಿಲು ಹಾಕಿಸಿದ್ದರು. ಆ ಗಾಜಿನ ಬಾಗಿಲಿನ ದೆಸೆಯಿಂದಲೇ ಅದಕ್ಕೆ ಐಸಿಯು ಎಂಬ ಹೆಸರು ಬಂದಿತ್ತು. ಸಿಸ್ಟರಮ್ಮ ಅಲ್ಲಿಯ ಹಿರಿಯ ನರ್ಸು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಕಾನ್ವೆಂಟಿನ ಸಿಸ್ಟರ್ ಅಲ್ಲ, ಆದರೆ ಮದುವೆಯಾಗಿರಲಿಲ್ಲ. ಎತ್ತರದ ಹೆಂಗಸು, ನಗು ಕಡಿಮೆ. ಎದುರಿಗೆ ಬಂದರೆ ನಾನು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದೆ.

ನಾನು ಅವರನ್ನು ಮೊದಲು ನೋಡಿದ್ದು ನಿಮ್ಮ ತಾತನನ್ನು ಆ ಗಾಜಿನ ಬಾಗಿಲಿನೊಳಗೆ ಮಲಗಿಸಿದ ದಿನ. ತಾತ ಬೆಳಗೋಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಜ್ವರ ಹಿಡಿಯಿತು, ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸುವಾಗ ಸಿಸ್ಟರಮ್ಮ ಅವರ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟು, "ಜೋಪಾನ" ಎಂದರು. ಆ ಗಡಿಯಾರ ಹಿಡಿದುಕೊಂಡು ಮೂರು ದಿನ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ. ನಿಮ್ಮ ಅಮ್ಮ ಆಗ ಮೂರನೆಯ ಕ್ಲಾಸು, ಅವಳನ್ನು ನನ್ನ ತವರಿನಲ್ಲಿ ಬಿಟ್ಟಿದ್ದೆ.

ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ದಿನಾ ಬೆಳಿಗ್ಗೆ ಬಂದು ಹಾಸಿಗೆಯ ಕಾಲಿಗೆ ನೇತುಹಾಕಿದ್ದ ಚಾರ್ಟು ನೋಡುತ್ತಿದ್ದರು. ಜ್ವರ ಇಳಿದಿದೆ, ನಾಡಿ ಏರಿರುವುದು ಗಾಬರಿಗೆ, ಉಸಿರು ಸರಿಯಾಗಿದೆ, ಇನ್ನೆರಡು ದಿನ ನೋಡೋಣ ಎಂದರು. ಹಾಸನಕ್ಕೆ ಕಳಿಸುವ ಮಾತು ಬಂದದ್ದು ನಾಲ್ಕನೆಯ ದಿನ. ಆಂಬುಲೆನ್ಸು ಆಲೂರಿನ ಹತ್ತಿರ ಬರುವಷ್ಟರಲ್ಲಿ... ಅಲ್ಲಿಂದ ಹಿಂದಕ್ಕೆ ತಿರುಗಿಸಿದರು.

ತಿಥಿ ಕಳೆದು ಎರಡು ತಿಂಗಳಾಗಿತ್ತು. ಎಸ್ಟೇಟಿನ ಮನೆ ಬಿಟ್ಟುಕೊಡಬೇಕಿತ್ತು. ಆಗ ಸಿಸ್ಟರಮ್ಮನಿಂದ ಹೇಳಿಕೆ ಬಂತು. ಆಸ್ಪತ್ರೆಯಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುವವರು ಬೇಕು, ಬರುವುದಾದರೆ ಬಾ ಎಂದು. ನಾನು ಕೇಳಿರಲಿಲ್ಲ. ನನ್ನ ಪರವಾಗಿ ಕೇಳುವವರೂ ಯಾರೂ ಇರಲಿಲ್ಲ. ಹೋದೆ. ಬೆಡ್‌ಶೀಟು ಮಡಿಸುವುದು, ಗಾಯಕ್ಕೆ ಕಟ್ಟುವ ತೆಳು ಬಟ್ಟೆ ಕತ್ತರಿಸುವುದು, ಪಕ್ಕದ ಕೋಣೆಯಲ್ಲಿದ್ದ ಹಳೆಯ ಕೇಸ್ ಶೀಟುಗಳನ್ನು ವರ್ಷದ ಪ್ರಕಾರ ಕಟ್ಟಿಡುವುದು ನನ್ನ ಕೆಲಸ. ನಮ್ಮ ಕಡೆಯ ಥಂಡಿಗೆ ಕಾಗದ ಬೇಗ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಿದ್ದ ದಿನ ಅವನ್ನೆಲ್ಲ ಮಹಡಿಗೆ ಒಯ್ದು, ಕಾಫಿ ಹರವಿದಂತೆ ಹರವಿ, ಹಾರದ ಹಾಗೆ ಒಂದೊಂದರ ಮೇಲೂ ಕಲ್ಲು ಇಡುತ್ತಿದ್ದೆ.

ಔಷಧಿ ಕೊಡುವ ಕಾಂಪೌಂಡರ್ ಒಬ್ಬರಿದ್ದರು. ನನ್ನನ್ನು ರೈಟರಮ್ಮ ಎಂದೇ ಕರೆಯುತ್ತಿದ್ದರು. ಬಾಯಿ ಸುಮ್ಮನಿರದ ಮನುಷ್ಯ. ಒಂದು ದಿನ ಮಾತ್ರೆ ಪೊಟ್ಟಣ ಕಟ್ಟುತ್ತಾ, "ಅಲ್ಲ ರೈಟರಮ್ಮ, ಈ ಊರಲ್ಲಿ ಗಂಡ ಸತ್ತೋರು ನೀನೊಬ್ಳೇನಾ? ಆವಮ್ಮ ನಿಂಗೇ ಯಾಕೆ ಕರ್ದು ಕೆಲ್ಸ ಕೊಡ್ಸಿದ್ಳು? ಯೋಚ್ನೆ ಮಾಡಿದ್ಯಾ?" ಎಂದರು. ನಾನು ಏನಿಲ್ಲ ಎನ್ನುವ ಹಾಗೆ ತಲೆಯಾಡಿಸಿ ಬಂದೆ. ಆದರೆ ಅವತ್ತಿನಿಂದ ಯೋಚನೆ ಮಾಡದ ದಿನವಿಲ್ಲ. ಸಿಸ್ಟರಮ್ಮ ಕ್ರಿಸ್‌ಮಸ್ಸಿಗೆ ಸೀರೆ ಕೊಟ್ಟರೆ ಅದರ ಮಡಿಕೆ ಬಿಚ್ಚುವಾಗಲೂ ಇದು ಯಾತಕ್ಕೆ ಎಂದು ಯೋಚಿಸುತ್ತಿದ್ದೆ. ನಿಮ್ಮ ಅಮ್ಮನ ಸ್ಕೂಲು ಫೀಸಿನ ವಿಚಾರ ವಿಚಾರಿಸಿದರೆ ಇವರಿಗೇಕೆ ಬೇಕು ಎನಿಸುತ್ತಿತ್ತು. ಒಳ್ಳೆಯದು ಮಾಡುವವರನ್ನು ಅನುಮಾನಿಸುವುದು ಕಷ್ಟದ ಕೆಲಸ, ಮಕ್ಕಳೇ. ದಿನಾ ಮಾಡಬೇಕಾಗುತ್ತದೆ.

ಹೀಗೆ ಏಳೆಂಟು ವರ್ಷ ಕಳೆದ ಮೇಲೆ ಆಸ್ಪತ್ರೆಗೆ ಕಂಪ್ಯೂಟರ್ ಡಾಕ್ಟರು ಬಂದರು. ಅವರಿಗೆ ಆ ಹೆಸರಿಟ್ಟದ್ದು ಕಾಂಪೌಂಡರೇ. ಯಾವುದೋ ದೊಡ್ಡ ಊರಿನ ಆಸ್ಪತ್ರೆಯವರು, ಚಿಕ್ಕ ವಯಸ್ಸು, ಮೆತ್ತಗೆ ಮಾತಾಡುತ್ತಿದ್ದರು. ಜೀಪಿನಿಂದ ಕಂಪ್ಯೂಟರು ಇಳಿಸಿ, ನನ್ನ ಬಟ್ಟೆ ಕೋಣೆಯ ಪಕ್ಕದಲ್ಲೇ ಮೇಜು ಹಾಕಿಸಿಕೊಂಡರು. ನಮ್ಮಂಥ ಹಲವು ಸಣ್ಣ ಆಸ್ಪತ್ರೆಗಳಿಂದ ಕಾಯಿಲೆ ಬಿಗಡಾಯಿಸಿದವರ ಕೇಸ್ ಶೀಟು ತೆಗೆದು ಒಂದೇ ಕಡೆ ಸೇರಿಸುವುದು ಅವರ ಕೆಲಸ. ಜ್ವರ, ನಾಡಿ, ಉಸಿರು, ಬಿಪಿ, ಯಾರು ಉಳಿದರು, ಯಾರು ಹೋದರು, ಎಲ್ಲವನ್ನೂ ಯಂತ್ರಕ್ಕೆ ತುಂಬಿಸುತ್ತಾರಂತೆ. ಅದನ್ನು ನೋಡಿ ನೋಡಿ ಯಂತ್ರ ತಾನೇ ಕಲಿಯುತ್ತದಂತೆ. ಯಾವ ರೋಗಿಗೆ ನಾಳೆ ಕಷ್ಟವಾಗುತ್ತದೆ ಎಂದು ಇವತ್ತೇ ಹೇಳುತ್ತದಂತೆ.

"ಹಂಗಾರೆ ಕಣಿ ಹೇಳೋ ಡಬ್ಬ ಅನ್ನಿ ಸಾರ್" ಎಂದರು ಕಾಂಪೌಂಡರ್.

ಕಂಪ್ಯೂಟರ್ ಡಾಕ್ಟರು ನಕ್ಕರು. "ಕಣಿ ಅಲ್ಲ, ಅನುಭವ. ಒಬ್ಬ ಡಾಕ್ಟರಿಗೆ ಒಂದು ಆಸ್ಪತ್ರೆಯ ಅನುಭವ ಇರುತ್ತೆ. ಇದಕ್ಕೆ ಎಲ್ಲಾ ಆಸ್ಪತ್ರೆಗಳದ್ದೂ ಇರುತ್ತೆ."

ಊರಲ್ಲಿ ಮಾತು ಬೇರೆಯೇ ಹರಡಿತು. ಔಷಧಿ ಕಂಪನಿಗೆ ಮಾರುತ್ತಾರೆ ಎಂದರು ಕೆಲವರು. ಯಾರ ರಕ್ತ ಯಾವ ಗುಂಪು ಎಂದು ಪಟ್ಟಿ ಮಾಡಿ ಕಿಡ್ನಿ ತೆಗೆಯುವವರಿಗೆ ಕೊಡುತ್ತಾರೆ ಎಂದರು ಇನ್ನು ಕೆಲವರು. ನಾನು ಅಷ್ಟೆಲ್ಲ ನಂಬಲಿಲ್ಲ. ಆದರೆ ಒಂದು ಮಾತ್ರ ನನ್ನನ್ನು ಚುಚ್ಚಿತು. ಯಾರ ಕಾಗದವೋ ಅವರನ್ನು ಒಬ್ಬರೂ ಕೇಳಿರಲಿಲ್ಲ. ಹೆಸರು ಮುಚ್ಚಿದ ಮೇಲೆ ಕೇಳುವುದೇನಿದೆ ಎಂದರು ದೊಡ್ಡ ಡಾಕ್ಟರು.

ಹೆಸರು ಮುಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮೈದಾ ಹಿಟ್ಟಿನ ಗೋಂದು ಕಾಯಿಸಿ, ಕಂದು ಕಾಗದ ಉದ್ದಕ್ಕೆ ಕತ್ತರಿಸಿ, ಪ್ರತಿಯೊಂದು ಶೀಟಿನ ತಲೆಯ ಮೇಲೆ ಹೆಸರು ಕಾಣದ ಹಾಗೆ ಅಂಟಿಸುವುದು. ಒಣಗಿದ ಮೇಲೆ ಸಿಸ್ಟರಮ್ಮ ಒಮ್ಮೆ ನೋಡುತ್ತಾರೆ, ಆಮೇಲೆ ಕಂಪ್ಯೂಟರಿನ ಮೇಜಿಗೆ. ಹೆಸರು ಮುಚ್ಚಿದರೆ ಮನುಷ್ಯ ಮುಚ್ಚಿಹೋಗುತ್ತಾನೆಯೇ? ಎಡಕುಮೇರಿಯಿಂದ ಗೂಡ್ಸ್ ರೈಲಿನಲ್ಲಿ ಮಲಗಿಸಿಕೊಂಡು ಬಂದ ಗ್ಯಾಂಗ್‌ಮನ್ ಎಂದರೆ ಒಬ್ಬನೇ. ಮೆಣಸು ಕೊಯ್ಯುವ ಏಣಿಯಿಂದ ಬಿದ್ದ ಬಸುರಿ ಎಂದರೆ ಒಬ್ಬಳೇ. ನಾನು ಅಂಟಿಸುತ್ತಾ ಹೋದಂತೆ ಎಲ್ಲರನ್ನೂ ಗುರುತು ಹಿಡಿಯುತ್ತಿದ್ದೆ. ಗುರುತು ಹಿಡಿದದ್ದು ಯಾರಿಗೂ ಹೇಳುತ್ತಿರಲಿಲ್ಲ.

ಆ ದಿನಗಳಲ್ಲಿ ಸಿಸ್ಟರಮ್ಮನ ನಡವಳಿಕೆ ವಿಚಿತ್ರವಾಯಿತು. ಒಂದು ನೋಟ ನೋಡಿ ಕೊಡಬೇಕಾದ ಕಟ್ಟುಗಳನ್ನು ತಮ್ಮ ಕೋಣೆಗೆ ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಎರಡು ದಿನ, ಮೂರು ದಿನ ಅಲ್ಲೇ. ಕಂಪ್ಯೂಟರ್ ಡಾಕ್ಟರು ಕೇಳಿದರೆ "ನೋಡ್ತಾ ಇದ್ದೇನೆ" ಎನ್ನುತ್ತಿದ್ದರು. ಊಟ ಬಿಟ್ಟರು. ಯಾರನ್ನೋ ಬೈದರು. ಒಂದು ದಿನ ಕಟ್ಟು ಜೋಡಿಸುವಾಗ ನೋಡುತ್ತೇನೆ, ನಿಮ್ಮ ತಾತ ಹೋದ ವರ್ಷದ ಕಟ್ಟೇ ಕಪಾಟಿನಲ್ಲಿಲ್ಲ. ಆ ಜಾಗ ಖಾಲಿ. ಧೂಳಿನಲ್ಲಿ ಕಟ್ಟಿನ ಆಕಾರ ಮಾತ್ರ ಉಳಿದಿತ್ತು.

ನನಗೆ ಎಲ್ಲವೂ ಅರ್ಥವಾದಂತಾಯಿತು. ಕಾಂಪೌಂಡರ್ ಹೇಳಿದ ಮಾತು, ಕೇಳದೆ ಬಂದ ಕೆಲಸ, ಸೀರೆ, ಫೀಸು... ಎಲ್ಲ ಒಂದೇ ದಾರಕ್ಕೆ ಪೋಣಿಸಿಕೊಂಡಿತು. ತಾತನ ಸಾವಿನಲ್ಲಿ ಇವರದೇನೋ ತಪ್ಪಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವರು ಪೂಜೆಗೆಂದು ಚರ್ಚಿಗೆ ಹೋಗುತ್ತಿದ್ದರು. ಬಟ್ಟೆ ಕೋಣೆಯ ಕೀಲಿಗೊಂಚಲಿನಲ್ಲಿ ಅವರ ಬೀರುವಿನ ಇನ್ನೊಂದು ಕೀಲಿಯೂ ಇತ್ತು. ನಾನು ಜೀವನದಲ್ಲಿ ಮಾಡಿದ ಕಳ್ಳತನ ಅದೊಂದೇ. ಬೀರು ತೆಗೆದರೆ ಕಟ್ಟಿನ ಮೇಲ್ಗಡೆಯೇ ತಾತನ ಶೀಟು ಇತ್ತು. ಅದರ ಮೇಲೆ ಇನ್ನೂ ಕಂದು ಕಾಗದ ಅಂಟಿಸಿರಲಿಲ್ಲ, ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ನೀಲಿ ಗೆರೆ ಇಳಿದಿತ್ತು. ಕೆಂಪು ಗೆರೆ ಏರಿ ಏರಿ ಹೋಗಿತ್ತು. ಅದರ ಕೆಳಗೆ ಉಸಿರಿನ ಕಾಲಂ. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಬೆಳಿಗ್ಗೆ ಇಪ್ಪತ್ತು, ಮಧ್ಯಾಹ್ನ ಇಪ್ಪತ್ತು, ಸಂಜೆ ಇಪ್ಪತ್ತು. ಮೂರು ದಿನವೂ ಅದೇ. ಎಲ್ಲವೂ ಸಿಸ್ಟರಮ್ಮನ ಅಕ್ಷರ.

ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು ಎಂದರೆ, ನಾನು ಎಣಿಸಿದ್ದೆ. ನನ್ನ ಅಪ್ಪ ದನಕ್ಕೆ ಹುಷಾರಿಲ್ಲದಾಗ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು, ಎಷ್ಟು ಸಲ ಏರಿತು ಎಂದು ಎಣಿಸುತ್ತಿದ್ದ. ನನಗೂ ಕಲಿಸಿದ್ದ. ಸ್ಟೂಲಿನಲ್ಲಿ ಕೂತು, ಕೈಯಲ್ಲಿದ್ದ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ತಾತನ ಎದೆ ಎಷ್ಟು ಸಲ ಏರಿ ಇಳಿಯಿತು ಎಂದು ದಿನಾ ಎಣಿಸಿದ್ದೆ. ಅದು ಇಪ್ಪತ್ತರ ಹತ್ತಿರವೂ ಇರಲಿಲ್ಲ.

ಶೀಟನ್ನು ಮಡಿಸಿ ಸೀರೆಯ ಒಳಗೆ ಸಿಕ್ಕಿಸಿಕೊಂಡು ಮನೆಗೆ ತಂದು ಟ್ರಂಕಿನಲ್ಲಿಟ್ಟೆ.

ಸೋಮವಾರ ಮಧ್ಯಾಹ್ನ ಸಿಸ್ಟರಮ್ಮ ಬಟ್ಟೆ ಕೋಣೆಗೆ ಬಂದರು. ಬಾಗಿಲು ಮುಂದೆ ಮಾಡಿ, ಒಗೆಯಲು ಕಟ್ಟಿಟ್ಟಿದ್ದ ಗಂಟಿನ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಆ ಕಾಗದ ನಿನ್ನತ್ರ ಉಂಟು, ಅಲ್ವಾ?"

ನಾನು ಬೆಡ್‌ಶೀಟು ಮಡಿಸುತ್ತಲೇ ಇದ್ದೆ.

"ಹೆದರ್ಬೇಡ ಮಾರಾಯ್ತಿ. ಬೈಲಿಕ್ಕೆ ಬಂದದ್ದಲ್ಲ."

ಎಲ್ಲಿಂದ ಧೈರ್ಯ ಬಂತೋ, "ಅವ್ರ ಉಸ್ರು ಇಪ್ಪತ್ತು ಇರ್ಲಿಲ್ಲ ಸಿಸ್ಟರಮ್ಮ" ಎಂದೆ.

"ಇರ್ಲಿಲ್ಲ" ಎಂದರು. ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಏಳೆಂಟು ವರ್ಷ ಕೂಡಿಟ್ಟ ಅನುಮಾನಕ್ಕೆ ಒಂದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

ಆಮೇಲೆ ಅವರೇ ಹೇಳಿದರು. ಜ್ವರಕ್ಕೆ ಥರ್ಮಾಮೀಟರ್ ಇಡಲೇಬೇಕು. ನಾಡಿಗೆ ಕೈ ಹಿಡಿಯಲೇಬೇಕು. ಉಸಿರು ಮಾತ್ರ ಒಂದು ನಿಮಿಷ ಸುಮ್ಮನೆ ನಿಂತು ಎದೆ ನೋಡಬೇಕು. ಮೂವತ್ತು ರೋಗಿ, ಇಬ್ಬರು ನರ್ಸು, ಆ ಒಂದು ನಿಮಿಷ ಯಾರ ಬಳಿಯೂ ಇರಲಿಲ್ಲ. ಟ್ರೈನಿಂಗಿನಲ್ಲೇ ಹಿರಿಯರು ಹಾಗೆ ಬರೆಯುವುದನ್ನು ನೋಡಿ ಕಲಿತದ್ದಂತೆ. ಇಪ್ಪತ್ತು ಎಂದು ಬರೆದರೆ ಯಾವ ಡಾಕ್ಟರೂ ಯಾಕೆ ಎಂದು ಕೇಳುವುದಿಲ್ಲ. ತಾತ ಹೋದ ದಿನ ಚಾರ್ಟು ಬಿಚ್ಚುವಾಗ ಮೊದಲ ಸಲ ಆ ಸಾಲನ್ನು ಕಣ್ಣಿಟ್ಟು ನೋಡಿದರಂತೆ. ಈಗ ಕಂಪ್ಯೂಟರಿಗೆ ಕೊಡುವ ಮೊದಲು ಒಂದೊಂದೇ ಶೀಟು ನೋಡುತ್ತಿದ್ದಾರೆ. ಉಳಿದವರಿಗೂ ಇಪ್ಪತ್ತು, ಸತ್ತವರಿಗೂ ಇಪ್ಪತ್ತು.

"ಆ ಕಂಪ್ಯೂಟರ್ ಇದನ್ನೇ ಪಾಠ ಅಂತ ಕಲೀತದೆ. ಮನುಷ್ಯ ಏದುಸಿರು ಬಿಟ್ರೂ ಎಂತ ಇಲ್ಲ ಅಂತ ಕಲೀತದೆ" ಎಂದರು. ಆಮೇಲೆ, "ನಿನಗೆ ಹೇಗೆ ಗೊತ್ತು, ಇಪ್ಪತ್ತಲ್ಲ ಅಂತ?" ಎಂದು ಕೇಳಿದರು.

"ಎಣ್ಸಿದ್ದೆ."

ಅವರು ತಲೆಯೆತ್ತಿದರು. "ಎಷ್ಟಿತ್ತು?"

ಹೇಳಿದೆ. ಮೂರೂ ದಿನದ್ದು. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

"ಯಾರಿಗೆ ಹೇಳಿದ್ದಿ ಅವತ್ತು?"

"ಯಾರ್ಗೂ ಇಲ್ಲ. ನೀವು ಬರ್ದಿದ್ರಲ್ಲ..."

ಅದೇ ನಿಜ, ಮಕ್ಕಳೇ. ಎರಡನೆಯ ದಿನ ಮಧ್ಯಾಹ್ನ ಚಾರ್ಟಿನ ಮೇಲೆ ಅವರು ಇಪ್ಪತ್ತು ಎಂದು ಬರೆದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಆಗಷ್ಟೇ ನಾನು ಎಣಿಸಿ ಮುಗಿಸಿದ್ದೆ. ಆದರೂ, ಓದಿದವರು ಬರೆದದ್ದು ಸರಿ ಇರುತ್ತದೆ, ನನ್ನದು ದನದ ಲೆಕ್ಕ ಎಂದುಕೊಂಡೆ. ಕೇಳೋಣ ಎನಿಸಿತ್ತು. ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾದೆ. ಅವತ್ತೇ ಹಾಸನಕ್ಕೆ ಕಳಿಸಿದ್ದರೆ... ಇರಲಿ.

ಸಿಸ್ಟರಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಏಳುವಾಗ ನಾನೇ ಕೇಳಿದೆ, "ಅದ್ಕೇನಾ ನಂಗೆ ಕೆಲ್ಸ ಕೊಡ್ಸಿದ್ದು?"

"ಅದೂ ಉಂಟು" ಎಂದರು. ಮತ್ತೇನು ಎಂದು ಹೇಳಲಿಲ್ಲ.

ಮಾರನೆಯ ದಿನವೇ ಅವರು ದೊಡ್ಡ ಡಾಕ್ಟರ ಕೋಣೆಗೆ ಹೋದರು. ಕಟ್ಟುಗಳನ್ನು ತರಲು ನನಗೆ ಹೇಳಿಕಳಿಸಿದ್ದರು, ಹಾಗಾಗಿ ನಾನೂ ಬಾಗಿಲಲ್ಲಿದ್ದೆ. ಕಾಗದದಲ್ಲಿರುವುದೆಲ್ಲ ನಿಜ ಎಂದು ಹಿರಿಯ ನರ್ಸು ಒಂದು ಪತ್ರಕ್ಕೆ ಸಹಿ ಮಾಡಬೇಕಿತ್ತು. ಸಿಸ್ಟರಮ್ಮ ಆ ಪತ್ರವನ್ನು ಮೇಜಿನ ಮೇಲಿಟ್ಟು, "ಉಸಿರಿನ ಕಾಲಂ ಬಿಟ್ಟುಬಿಡಿ ಡಾಕ್ಟ್ರೇ. ಅದು ಎಣಿಸಿ ಬರೆದದ್ದಲ್ಲ" ಎಂದರು.

ದೊಡ್ಡ ಡಾಕ್ಟರ ಮುಖ ಕೆಂಪಾಯಿತು. "ಇಷ್ಟು ವರ್ಷ ಇಲ್ದಿದ್ದು ಈಗೇನ್ರೀ ಸಿಸ್ಟರ್? ಹೊರಗಿನೋರ ಎದುರಿಗೆ ಆಸ್ಪತ್ರೆ ಮರ್ಯಾದೆ ತೆಗೀತಿದ್ದೀರಲ್ಲ!"

ಕಂಪ್ಯೂಟರ್ ಡಾಕ್ಟರು ಮಾತ್ರ ಸಿಟ್ಟಾಗಲಿಲ್ಲ. ಕುರ್ಚಿಯಿಂದ ಮುಂದೆ ಬಾಗಿ, "ಸಿಸ್ಟರ್, ಬೇರೆ ಆಸ್ಪತ್ರೆಗಳಿಂದ ಬಂದದ್ದೂ ಹೆಚ್ಚುಕಡಿಮೆ ಹೀಗೇ ಇದೆ. ನನಗೂ ಅನುಮಾನ ಇತ್ತು. ಆದ್ರೆ ಬರೀ ಮಾತಿನ ಮೇಲೆ ಕಾಲಂ ತೆಗೆದ್ರೆ ಮೇಲಿನವರು ಒಪ್ಪೋದಿಲ್ಲ. ಒಂದು ಉದಾಹರಣೆ ಕೊಡಿ, ಸಾಕು. ಚಾರ್ಟಿನಲ್ಲಿ ಇಷ್ಟಿದೆ, ಪಕ್ಕದಲ್ಲಿ ಕೂತು ಎಣಿಸಿದವರು ಇಷ್ಟು ಅಂತಾರೆ ಅಂತ. ಒಂದೇ ಒಂದು" ಎಂದರು.

ಸಿಸ್ಟರಮ್ಮ ತಿರುಗಿ ನನ್ನನ್ನು ನೋಡಿದರು. ಹೆಸರು ಹೇಳಲಿಲ್ಲ. ಕೈ ತೋರಿಸಲಿಲ್ಲ. ಸುಮ್ಮನೆ ನೋಡಿದರು.

ನಾನು ಕೆಂಪು ನೆಲ ನೋಡಿದೆ. ಎದೆಗವಚಿ ಹಿಡಿದಿದ್ದ ಕಟ್ಟಿನ ಮೈದಾ ಗೋಂದಿನ ಹುಳಿ ವಾಸನೆ ಮೂಗಿಗೆ ಬರುತ್ತಿತ್ತು. ಬಾಯಿ ತೆಗೆಯಬೇಕಿತ್ತು, ಅಷ್ಟೇ. ನಾಚಿಕೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಬೀರುವಿನಿಂದ ಕದ್ದದ್ದು ಹೊರಗೆ ಬಂದರೆ ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಈ ಇಬ್ಬರು ಗಂಡಸರು ನನ್ನ ಮಾತನ್ನು ತಗೊಂಡು ಏನು ಮಾಡುತ್ತಾರೋ ಎಂಬ ಅನುಮಾನ ಇತ್ತು. ಎಲ್ಲಕ್ಕಿಂತ ಒಳಗೆ ಇನ್ನೊಂದಿತ್ತು. ಅವರೊಬ್ಬರೇ ನಿಲ್ಲಲಿ, ನಾನು ಆಂಬುಲೆನ್ಸಿನಲ್ಲಿ ಒಬ್ಬಳೇ ಕೂತು ಬಂದ ಹಾಗೆ, ಅವರೂ ಒಬ್ಬರೇ ನಿಲ್ಲಲಿ ಎಂದು.

"ಯಾರಾದ್ರೂ ಇದ್ದಾರಾ?" ಎಂದು ಕಂಪ್ಯೂಟರ್ ಡಾಕ್ಟರು ಇನ್ನೊಮ್ಮೆ ಕೇಳಿದರು.

"ಇಲ್ಲ" ಎಂದರು ಸಿಸ್ಟರಮ್ಮ.

ಅವರು ಸಹಿ ಹಾಕಲಿಲ್ಲ. ದೊಡ್ಡ ಡಾಕ್ಟರೇ ಹಾಕಿದರು. ಇಪ್ಪತ್ತುಗಳೆಲ್ಲ ಇದ್ದ ಹಾಗೇ ಯಂತ್ರದೊಳಗೆ ಹೋದವು. ಕೆಲಸ ಮುಗಿದ ದಿನ ಕಂಪ್ಯೂಟರ್ ಡಾಕ್ಟರು ನನಗೆ ಕೈ ಮುಗಿದು, "ತುಂಬ ನೀಟಾಗಿ ಅಂಟಿಸಿದ್ದೀರಮ್ಮ, ಒಂದು ಹೆಸರೂ ಕಾಣೋದಿಲ್ಲ" ಎಂದು ಹೇಳಿ ಜೀಪು ಹತ್ತಿದರು.

ಸಿಸ್ಟರಮ್ಮನನ್ನು ವಾರ್ಡಿನಿಂದ ತೆಗೆದು ಇಂಜೆಕ್ಷನ್ ಕೋಣೆಗೆ ಹಾಕಿದರು. ನನ್ನ ಮೇಲೆ ಸಿಟ್ಟು ಮಾಡಬೇಕಿತ್ತು. ಮಾಡಲಿಲ್ಲ. ಅದೂ ನನಗೆ ಅನುಮಾನವೇ ಆಯಿತು. ಅದರ ಬದಲು, ಕೆಲಸದ ನಡುವೆ ಹೊತ್ತು ಸಿಕ್ಕಾಗಲೆಲ್ಲ ಬಟ್ಟೆ ಕೋಣೆಗೆ ಬಂದು, "ನಡಿ" ಎಂದು ನನ್ನನ್ನು ವಾರ್ಡಿಗೆ ಕರೆದುಕೊಂಡು ಹೋಗಲು ಶುರುಮಾಡಿದರು. ಉಸಿರು ಎಣಿಸುವುದನ್ನು ಕಲಿಸಿದರು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಯ ಉಸಿರು ಬದಲಾಗುತ್ತದೆ. ಅದಕ್ಕೆ ನಾಡಿ ಹಿಡಿದವರ ಹಾಗೆ ಮಣಿಕಟ್ಟು ಹಿಡಿದು ನಿಲ್ಲಬೇಕು, ಕಣ್ಣು ಮಾತ್ರ ಎದೆಯ ಮೇಲಿರಬೇಕು. ಪೂರ್ತಿ ಒಂದು ನಿಮಿಷ. ಕಾಂಪೌಂಡರ್ ಬಾಗಿಲಲ್ಲಿ ನಿಂತು, "ಏನ್ ಸಿಸ್ಟರೇ, ಉಸ್ರಾಡೋದಕ್ಕೂ ಹಾಜ್ರಿ ತಗೋತಿದ್ದೀರಾ? ರೈಟರಮ್ಮ ಅಲ್ವಾ, ಸರಿಯಾದೋರನ್ನೇ ಹಿಡ್ದಿದ್ದೀರ ಬಿಡಿ" ಎಂದು ನಗಾಡುತ್ತಿದ್ದರು.

ಒಂದು ಸಲ ಯಸಳೂರು ಕಡೆಯ ಹೆಂಗಸೊಬ್ಬಳ ಉಸಿರು ಎಣಿಸಿ, "ಮೂವತ್ತೆಂಟು" ಎಂದು ಪಿಸುಗುಟ್ಟಿದೆ. "ಗಟ್ಟಿ ಹೇಳು" ಎಂದರು ಸಿಸ್ಟರಮ್ಮ. ಹೇಳಿದೆ. "ಇನ್ನೂ ಗಟ್ಟಿ. ಡ್ಯೂಟಿ ಡಾಕ್ಟರಿಗೆ ಕೇಳ್ಬೇಕು." ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಬೆವತುಹೋಗಿದ್ದೆ. ಅವಳನ್ನು ಅದೇ ಮಧ್ಯಾಹ್ನ ಹಾಸನಕ್ಕೆ ಕಳಿಸಿದರು. ಉಳಿದಳೋ ಇಲ್ಲವೋ ನಮಗೆ ಸುದ್ದಿ ಬರಲಿಲ್ಲ.

ಮರುವರ್ಷ ಸಿಸ್ಟರಮ್ಮ ಕೆಲಸ ಬಿಟ್ಟು ಊರಿಗೆ ಹೊರಟರು. ಬಸ್ಸು ಹತ್ತಿಸಲು ಹೋಗಿದ್ದೆ. ತಾತನ ಶೀಟು ಹಿಂದಕ್ಕೆ ಕೊಡೆಂದು ಕೇಳುತ್ತಾರೆ ಎಂದು ಕಾದಿದ್ದೆ, ಕೇಳಲಿಲ್ಲ. ಅವತ್ತು ಯಾಕೆ ಸುಮ್ಮನಿದ್ದೆ ಎಂದೂ ಕೇಳಲಿಲ್ಲ. ಒಂದೆರಡು ಕಾಗದ ಬರೆದರು, ನಿಮ್ಮ ಅಮ್ಮ ಹೇಗಿದ್ದಾಳೆ, ಏನು ಓದುತ್ತಿದ್ದಾಳೆ ಎಂದು. ಉತ್ತರ ಬರೆಯಲು ಕೂತರೆ ಮೊದಲ ಸಾಲಿಗೇ ಆ ಕೋಣೆ ಎದುರಿಗೆ ಬರುತ್ತಿತ್ತು. ನಾಳೆ ಬರೆಯೋಣ ಎಂದು ಎತ್ತಿಡುತ್ತಿದ್ದೆ. ಕೆಲವು ವರ್ಷಗಳ ಮೇಲೆ ಕಾಂಪೌಂಡರ್ ಸಂತೆಯಲ್ಲಿ ಸಿಕ್ಕು, "ನಿಮ್ ಸಿಸ್ಟರಮ್ಮ ಹೋಗ್ಬುಟ್ರು ಕಣಮ್ಮ, ತಿಂಗಳಾಯ್ತಂತೆ" ಎಂದರು. ತಮಾಷೆ ಮಾಡದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅವತ್ತೊಂದೇ ದಿನ. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಎಷ್ಟು ಹೊತ್ತೋ...

ಈಗ ದೊಡ್ಡ ಆಸ್ಪತ್ರೆಗಳಲ್ಲಿ ಅಂಥ ಯಂತ್ರಗಳು ಬಂದಿವೆ ಎಂದು ನಿಮ್ಮಲ್ಲಿ ದೊಡ್ಡವಳು ಹೇಳಿದಳು. ಲಕ್ಷಗಟ್ಟಲೆ ಜನರ ಕಾಗದ ಓದಿ ಕಲಿತಿವೆಯಂತೆ, ಕೆಡುವ ಮೊದಲೇ ಎಚ್ಚರಿಸುತ್ತವಂತೆ, ಎಷ್ಟೋ ಜನ ಉಳಿಯುತ್ತಾರಂತೆ. ಇರಬಹುದು. ಸಿಸ್ಟರಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದರೋ ಏನೋ. ನಮ್ಮ ಆಸ್ಪತ್ರೆಯ ಇಪ್ಪತ್ತುಗಳು ಅದರಲ್ಲಿ ಎಲ್ಲಾದರೂ ಸೇರಿಕೊಂಡಿವೆಯೋ, ಯಾರಾದರೂ ಕಂಡು ತೆಗೆದುಹಾಕಿದರೋ, ನನಗೆ ತಿಳಿಯುವ ದಾರಿಯಿಲ್ಲ. ನಾಳೆ ನಿಮ್ಮಲ್ಲಿ ಯಾರಾದರೂ ಮಲಗಿರುವಾಗ ಯಂತ್ರ ಎಲ್ಲ ಸರಿಯಿದೆ ಎಂದರೆ, ನಂಬಿ, ಆದರೆ ಎದೆಯನ್ನೂ ನೋಡಿ. ನೋಡಿದ್ದನ್ನು ಹೇಳಿ. ಯಾರು ಏನಾದರೂ ಅಂದುಕೊಳ್ಳಲಿ.

ಕೇಳಬೇಕಾದವರು ಈಗಿಲ್ಲ. ಒಂದೇ ಒಂದು ಉದಾಹರಣೆ ಸಾಕು ಎಂದವರು ಎಲ್ಲಿದ್ದಾರೋ ಗೊತ್ತಿಲ್ಲ. ಆದರೂ ಬರೆದಿಡುತ್ತೇನೆ. ನಿಮ್ಮ ತಾತನ ಉಸಿರು ಮೊದಲನೆಯ ದಿನ ನಿಮಿಷಕ್ಕೆ ಮೂವತ್ತು ಇತ್ತು. ಎರಡನೆಯ ದಿನ ಮೂವತ್ತಾರು. ಮೂರನೆಯ ದಿನ ನಲವತ್ತನಾಲ್ಕು. ಪಕ್ಕದಲ್ಲಿ ಕೂತು ಎಣಿಸಿದವಳು ನಾನು.